ಒಂದು ಬದಿಗೆ ತಗಡು, ಒಂದು ಬದಿಗೆ ಪ್ಲಾಸ್ಟಿಕ್: ಮುಂಬೈಯ ಹಳೇ ಕಾರೊಂದರ ಒಳ ಫೆಂಡರ್ ಪ್ರಕರಣ

ಮುಂಬೈಯಲ್ಲಿ ಹಳೇ ಕಾರಿನವರ ಲೋಕ ಬಹಳ ಚಿಕ್ಕದು. ಮಾಡೆಲ್ ಮತ್ತು ಇಸವಿ ಹೇಳಿಬಿಟ್ಟರೆ ಮಾಲೀಕರ ಮನೆ ವಿಳಾಸವನ್ನೇ ಕೊಟ್ಟ ಹಾಗೆ. ಹಾಗಾಗಿ ಅಷ್ಟನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ. ಕಾರು 1960ರ ದಶಕದ ನಡುಭಾಗದ ಅಮೆರಿಕನ್ ಸೆಡಾನ್. ಬಲಗಡೆ ಸ್ಟಿಯರಿಂಗ್, ಸಾಲಾಗಿ ಆರು ಸಿಲಿಂಡರ್, ಬಾಡಿ ಬೇರೆ, ಅದನ್ನು ಹೊರುವ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ, ಬೇರೆ. ಮಾಲೀಕರನ್ನು ರಾಯರು ಎನ್ನೋಣ. ಕರಾವಳಿ ಮೂಲದವರು, ಮುಂಬೈಗೆ ಬಂದು ಮೂರನೇ ತಲೆಮಾರು, ಮನೆ ಸಮುದ್ರಕ್ಕೆ ಹತ್ತಿರ. ನನಗೆ ಅವರ ಪರಿಚಯವಾದದ್ದು ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನ ಒಂದು ನಾಟಕದ ದಿನ. ವಾಹನ ದುರಸ್ತಿಯಲ್ಲೇ ನೌಕರಿ ಮುಗಿಸಿದ ನಾನು ಈಗ ಇಂಥ ಕಾರುಗಳ ಕೆಲಸಕ್ಕೆ ಸಲಹೆ ಕೊಡುತ್ತಾ ಓಡಾಡಿಕೊಂಡಿದ್ದೇನೆ.

ಹಿನ್ನೆಲೆ

ಜನರಲ್ ಮೋಟಾರ್ಸ್ 1928ರಿಂದ ಇದೇ ಊರಿನ ಶಿವಡಿಯಲ್ಲಿ ಕಾರು ಜೋಡಿಸುತ್ತಿತ್ತು. 1954ರಲ್ಲಿ ಬಾಗಿಲು ಹಾಕಿತು. ಆಮೇಲೆ ಇಂಥ ಅಮೆರಿಕನ್ ಕಾರುಗಳು ಬಹುಪಾಲು ಒಂದೊಂದಾಗಿ, ಒಂದೊಂದು ದಾರಿಯಿಂದ ಬಂದವು. ದೂತಾವಾಸದವರು ಬಳಸಿ ಬಿಟ್ಟದ್ದನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆ ವಿಲೇವಾರಿ ಮಾಡುತ್ತಿದ್ದುದು ಅದರಲ್ಲಿ ಒಂದು ದಾರಿ. ರಾಯರ ತಂದೆ ಕೊಂಡದ್ದು ಹಾಗೆ. ಇಂಥ ಕಾರಿಗೆ ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೇ ಬಿಡಿಭಾಗದ ಅಂಗಡಿಗಳಲ್ಲಿ ಎಷ್ಟು ಸುತ್ತಿದರೂ ಒಳ ಫೆಂಡರು ಸಿಗುವುದಿಲ್ಲ. ಒಂದೋ ಹೊರದೇಶದಿಂದ ತರಿಸಬೇಕು, ಇಲ್ಲ ಇಲ್ಲೇ ಬಡಿಸಬೇಕು.

ಬಾನೆಟ್ ಎತ್ತಿದಾಗ ಎಂಜಿನ್ನಿನ ಎರಡೂ ಪಕ್ಕದಲ್ಲಿ, ಚಕ್ರದ ಮೇಲೆ ಕಮಾನಾಗಿ ಬಾಗಿದ ತಗಡು ಕಾಣುತ್ತದಲ್ಲ, ಅದೇ ಒಳ ಫೆಂಡರು. ಚಕ್ರ ಎರಚುವ ಕೆಸರು ಎಂಜಿನ್ನಿಗೆ ಬಡಿಯದ ಹಾಗೆ ತಡೆಯುವುದು ಅದರ ಕಾಣುವ ಕೆಲಸ. ಕಾಣದ ಕೆಲಸಗಳೂ ಇವೆ, ಈ ಪ್ರಕರಣ ನಿಂತದ್ದೇ ಅವುಗಳ ಮೇಲೆ. ಅಂಬಾಸಡರ್, ಪದ್ಮಿನಿ ಇಟ್ಟುಕೊಂಡವರಿಗೆ ಇಲ್ಲೇ ಒಂದು ಮಾತು: ನಿಮ್ಮ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅಲ್ಲಿ ಒಳಗಿನ ತಗಡು ಬಾಡಿಗೆ ವೆಲ್ಡ್ ಆಗಿದ್ದು ಭಾರ ಹೊರುವ ಅಂಗ. ಅದನ್ನು ಕತ್ತರಿಸಿ ಪ್ಲಾಸ್ಟಿಕ್ ಹಾಕುವ ಮಾತೇ ಇಲ್ಲ. ಚಕ್ರದ ಬದಿಯಿಂದ ಕೆಸರಿಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ಲೈನರ್ ಕೂರಿಸಬಹುದು, ಅಷ್ಟೆ. ರಾಯರ ಕಾರಿನಂಥದ್ದರಲ್ಲಿ ಒಳ ಫೆಂಡರು ಬೋಲ್ಟಿನಲ್ಲಿ ಕೂರುವ ಬಿಡಿಭಾಗ, ಬಿಚ್ಚಿ ಬದಲಿಸಬಹುದು. ಆದ್ದರಿಂದಲೇ ಇಲ್ಲಿ ಆಯ್ಕೆಯ ಪ್ರಶ್ನೆ ಎದ್ದದ್ದು.

ತೊಂದರೆ ಏನಿತ್ತು

ಒಂದು ಭಾನುವಾರ ವರ್ಲಿ ಕಡೆಯಿಂದ ಮನೆಗೆ ಬರುವಾಗ ಸ್ಪೀಡ್ ಬ್ರೇಕರಿನ ಮೇಲೆ ಬ್ಯಾಟರಿ ಒಂದು ಬದಿಗೆ ವಾಲಿತು. ರಾಯರು ಗ್ಯಾರೇಜಿಗೆ ತಂದರು. ಬ್ಯಾಟರಿ ಎತ್ತಿ ನೋಡಿದರೆ ಅದರ ಟ್ರೇ ಕೂತಿದ್ದ ಎಡಗಡೆಯ ಒಳ ಫೆಂಡರಿನಲ್ಲಿ ತಗಡೇ ಉಳಿದಿರಲಿಲ್ಲ. ಸ್ಕ್ರೂಡ್ರೈವರ್ ಒತ್ತಿದಲ್ಲೆಲ್ಲ ಒಳಗಿಳಿಯಿತು. ಮೇಲೆ ಡಾಂಬರಿನ ಪದರ, ಕೆಳಗೆ ಪುಟ್ಟಿ, ಅದರ ಕೆಳಗೆ ಬ್ಯಾಟರಿ ಆಸಿಡ್ಡಿನ ಬಿಳಿ ಪುಡಿ. ಎಲ್ಲ ಕೆರೆದ ಮೇಲೆ ಹಳೇ ಕಾಲದ ಒಂದು ತೇಪೆ ಸಿಕ್ಕಿತು. ಡಾಲ್ಡಾ ಡಬ್ಬ ಕತ್ತರಿಸಿ ಹಾಕಿದ್ದ ತಗಡು. ಒಳಮುಖಕ್ಕಿದ್ದ ಮರದ ಚಿತ್ರದ ಹಸಿರು ಬಣ್ಣ ಇನ್ನೂ ಮಾಸಿರಲಿಲ್ಲ. ಯಾರು ಹಾಕಿದ್ದರೋ, ಕಾರಿನ ಕಂಪನಿಯ ತಗಡಿಗಿಂತ ಅದೇ ಹೆಚ್ಚು ಬಾಳಿತ್ತು.

ಬಲಗಡೆಯದು ಇಷ್ಟು ಕೆಟ್ಟಿರಲಿಲ್ಲ. ಹಿಂಭಾಗದ ಅಂಚು ಕೊಳೆತಿತ್ತು, ಬೋಲ್ಟಿನ ತೂತುಗಳು ಅಗಲವಾಗಿದ್ದವು. ಎಡಕ್ಕೂ ಬಲಕ್ಕೂ ಯಾಕೆ ಇಷ್ಟು ವ್ಯತ್ಯಾಸ ಎಂದು ರಾಯರು ಕೇಳಿದರು. ನಮ್ಮಲ್ಲಿ ಗಾಡಿ ಓಡುವುದು ರಸ್ತೆಯ ಎಡಕ್ಕೆ. ಮಳೆಗಾಲದಲ್ಲಿ ನೀರು ನಿಲ್ಲುವುದು ಗಟಾರದ ಬದಿಗೆ. ಎಡ ಚಕ್ರ ಅದರಲ್ಲೇ ಮುಳುಗಿ ಸಾಗುತ್ತದೆ. ಸಾಲದ್ದಕ್ಕೆ ಈ ಕಾರಿನಲ್ಲಿ ಬ್ಯಾಟರಿ ಎಡಕ್ಕೆ, ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಎಡಕ್ಕೆ. ಕೆಳಗಿನಿಂದ ನೀರು, ಮೇಲಿನಿಂದ ಆಸಿಡ್, ಪಕ್ಕದಿಂದ ಕಾವು, ಸುತ್ತಲೂ ಸಮುದ್ರದ ಉಪ್ಪುಗಾಳಿ. ಬಲಕ್ಕೆ ಇದ್ದದ್ದು ಸ್ಟಿಯರಿಂಗ್ ಶಾಫ್ಟು ಮತ್ತು ಗಾಜು ತೊಳೆಯುವ ನೀರಿನ ಬಾಟಲಿ ಮಾತ್ರ.

ಈ ಎಡ-ಬಲದ ಲೆಕ್ಕವನ್ನು ಆ ದಿನವೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಆದರೆ ಗ್ಯಾರೇಜಿನಲ್ಲಿ ನಡೆದ ಚರ್ಚೆ ಬೇರೆ ಜಾಡು ಹಿಡಿಯಿತು.

ಮಾವ ಮತ್ತು ಅಳಿಯ

ರಾಯರ ತಂಗಿಯ ಮಗ ಪೊವಾಯಿಯಲ್ಲಿ ಕಂಪ್ಯೂಟರ್ ಕೆಲಸದವನು. ಕಾರು ಮುಂದೆ ಅವನಿಗೇ ಎಂದು ಮನೆಯಲ್ಲಿ ಮಾತಾಗಿದೆ. ಅವನ ವಾದ ನೇರವಾಗಿತ್ತು: "ಮಾವ, ಈಗ ತಗಡು ಹಾಕಿಸಿದರೆ ಇನ್ನು ಹತ್ತು ವರ್ಷಕ್ಕೆ ನಾನು ಇದೇ ಗ್ಯಾರೇಜಿನಲ್ಲಿ ನಿಂತಿರ್ತೇನೆ. ಪ್ಲಾಸ್ಟಿಕ್ ತರಿಸಿ. ತುಕ್ಕಿನ ಗೋಳೇ ಇಲ್ಲ."

"ನಿನ್ನ ಅಮ್ಮನ ಮದುವೆ ದಿಬ್ಬಣ ಹೋದ ಕಾರು ಮಾರಾಯ ಇದು. ಪ್ಲಾಸ್ಟಿಕ್ ಬಕೆಟ್ ಮಾಡ್ಲಿಕ್ಕೆ ಹೊರಟಿದ್ದೀಯಾ?"

"ಅಮೆರಿಕದ ಕಂಪನಿಯವರೇ ಹಾಕ್ತಿದ್ರು ಮಾವ."

ಅದು ಸುಳ್ಳಲ್ಲ. 1970ರ ಓಲ್ಡ್ಸ್‌ಮೊಬೈಲ್ 442 ಎಂಬ ಅಮೆರಿಕನ್ ಕಾರಿನಲ್ಲಿ ಡಬ್ಲ್ಯೂ-30 ಮಾದರಿಯವಕ್ಕೆ ಕಾರ್ಖಾನೆಯಿಂದಲೇ ಕೆಂಪು ಪ್ಲಾಸ್ಟಿಕ್ಕಿನ ಒಳ ಫೆಂಡರು ಬರುತ್ತಿತ್ತು. ಈಗ ಆ ಕೆಂಪು ಬಣ್ಣವೇ ಅವುಗಳ ಗುರುತು. ಆದರೆ ಅಲ್ಲಿ ಆ ಜೋಡಣೆ ಕಾರ್ಖಾನೆಯವರದೇ. ತಗಡಿಗೆಂದು ರೂಪಿಸಿದ ಕಾರಿಗೆ ಆಮೇಲೆ ಪ್ಲಾಸ್ಟಿಕ್ ತೊಡಿಸುವುದು ಬೇರೆಯೇ ಸಂಗತಿ.

ರಾಯರಿಗೆ ಇನ್ನೊಂದು ಚಿಂತೆ ಇತ್ತು. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಚಾಸಿ, ಬಾಡಿ ಶೆಲ್, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಪ್ಲಾಸ್ಟಿಕ್ ಹಾಕಿಸಿದರೆ ಅದಕ್ಕೆ ಕುತ್ತು ಬಂದೀತೇ ಎಂಬುದು ಅವರ ಭಯ. ಬೋಲ್ಟು ಬಿಚ್ಚಿ ಹಾಕುವ ಕೆಸರುತಡೆ ಚಾಸಿಯೂ ಅಲ್ಲ, ಬಾಡಿ ಶೆಲ್ಲೂ ಅಲ್ಲ ಎಂದು ನಾನು ಹೇಳಿದೆ. ವಿಂಟೇಜ್ ರ‍್ಯಾಲಿಗಳಲ್ಲಿ ಬಾನೆಟ್ ಎತ್ತಿಸಿ ಅಂಕ ಹಾಕುವವರ ಕಣ್ಣು ಬೇರೆ. ಅವರಿಗೆ ಪ್ಲಾಸ್ಟಿಕ್ ಕಂಡರೆ ಅಂಕ ಹೋಗುತ್ತದೆ. ರಾಯರಿಗೆ ಕಪ್ ಗೆಲ್ಲುವ ಆಸೆ ಇರಲಿಲ್ಲ, ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರಬೇಕು, ಅಷ್ಟೆ. ಇದು ಸಣ್ಣ ಮಾತಲ್ಲ. ಕಾರು ನಿಲ್ಲಿಸಿ ತೋರಿಸುವುದಕ್ಕೋ ಓಡಿಸುವುದಕ್ಕೋ ಎಂಬುದು ಇತ್ಯರ್ಥವಾಗದೆ ಯಾವ ಬಿಡಿಭಾಗವನ್ನೂ ಆರಿಸಲಾಗದು.

ಪ್ಲಾಸ್ಟಿಕ್ ಬಂತು

ಅಳಿಯ ಹಟ ಹಿಡಿದು ಎರಡೂ ಬದಿಯ ಎಬಿಎಸ್ ಪ್ಲಾಸ್ಟಿಕ್ ಒಳ ಫೆಂಡರನ್ನು ಅಮೆರಿಕದಿಂದ ವಿಮಾನದಲ್ಲಿ ತರಿಸಿದ. ತೂಕ ಕಡಿಮೆ, ಸಾಗಣೆಯೂ ಅಗ್ಗವಾಗುತ್ತದೆ ಎಂಬುದು ಅವನ ಲೆಕ್ಕ. ಕೊರಿಯರಿನವರ ಲೆಕ್ಕ ಹಾಗಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಬಿಲ್ಲು. 120, 60, 45ರ ಪೆಟ್ಟಿಗೆ ಎಂದರೆ ಸುಮಾರು 65 ಕಿಲೋ. ಒಳಗೆ ಪ್ಲಾಸ್ಟಿಕ್ ಇರಲಿ, ತಗಡಿರಲಿ, ಹತ್ತಿ ಇರಲಿ, ಸಾಗಣೆಯ ಖರ್ಚು ಒಂದೇ. ಅದರ ಮೇಲೆ ಕಸ್ಟಮ್ಸ್ ಸುಂಕ. ಹಗುರ ಎಂಬ ಕಾರಣಕ್ಕೆ ಪ್ಲಾಸ್ಟಿಕ್ ಆರಿಸಿಕೊಂಡದ್ದು ಸಾಗಣೆಯಲ್ಲಿ ಒಂದು ಪೈಸೆಯನ್ನೂ ಉಳಿಸಲಿಲ್ಲ. ಹಡಗಿನಲ್ಲಿ, ಬೇರೆಯವರ ಸಾಮಾನಿನ ಜೊತೆ ಸೇರಿಸಿ ತರಿಸಿದ್ದರೆ ಎಷ್ಟೋ ಅಗ್ಗ, ಆದರೆ ತಿಂಗಳುಗಟ್ಟಲೆ ಕಾಯಬೇಕು.

ಜೋಡಿಸಲು ಹೋದಾಗ ಬಲಗಡೆಯದು ಸ್ಟಿಯರಿಂಗ್ ಶಾಫ್ಟಿಗೆ ತಗುಲಿತು. ತಯಾರಿಸಿದ್ದು ಎಡಗಡೆ ಸ್ಟಿಯರಿಂಗಿನ ಕಾರಿಗೆ. ಶಾಫ್ಟಿಗೆ ಬಿಡಬೇಕಾದ ಜಾಗವನ್ನು ಎಡ ತುಂಡಿನಲ್ಲಿ ಬಿಟ್ಟಿದ್ದರು. ಹೊರದೇಶದಿಂದ ಬಿಡಿಭಾಗ ತರಿಸುವ ನಮ್ಮವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಆದರೆ ಪ್ಲಾಸ್ಟಿಕ್ಕಿನ ಒಳ್ಳೆಯ ಗುಣ ಗೊತ್ತಾದದ್ದೂ ಇಲ್ಲೇ. ಚೂಪಾದ ಚಾಕು, ಅರ, ಮರಳು ಕಾಗದ ಹಿಡಿದು ಬಲ ತುಂಡನ್ನು ಕೊರೆದು, ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಕೂತಿತು. ತಗಡಾಗಿದ್ದರೆ ಕತ್ತರಿಸಬೇಕು, ಅಂಚು ಮಡಚಬೇಕು, ಮತ್ತೆ ಬಣ್ಣ.

ಎಡಗಡೆಯದು ಸುಲಭವಾಗಿ ಕೂತಿತು. ನಂಬಿಸಿ ಮೋಸ ಮಾಡಿದ್ದು ಅದೇ. ಬ್ಯಾಟರಿ ಇಟ್ಟ ಕೂಡಲೇ ಟ್ರೇ ಕೆಳಗಿಳಿಯಿತು. ಇಂಥ ಕಾರಿನ ಲೆಡ್ ಆಸಿಡ್ ಬ್ಯಾಟರಿ 15ರಿಂದ 20 ಕಿಲೋ ಇರುತ್ತದೆ. ನಿಂತ ಕಾರಿನಲ್ಲೇ ಪ್ಲಾಸ್ಟಿಕ್ ಇಷ್ಟು ಬಾಗಿದರೆ ಮುಂಬೈಯ ಹೊಂಡಗಳಲ್ಲಿ ಏನಾದೀತು? ಹೊರಗಿನ ಫೆಂಡರನ್ನು ಕೈಯಲ್ಲಿ ಒತ್ತಿ ನೋಡಿದೆ, ಮುಂಚಿಗಿಂತ ಹೆಚ್ಚು ಅಲುಗಾಡುತ್ತಿತ್ತು. ಇಂಥ ಕಾರುಗಳಲ್ಲಿ ಎರಡು ಫೆಂಡರು, ಎರಡು ಒಳ ಫೆಂಡರು, ರೇಡಿಯೇಟರಿನ ಚೌಕಟ್ಟು ಎಲ್ಲ ಬೋಲ್ಟುಗಳಲ್ಲಿ ಒಂದಕ್ಕೊಂದು ಬಿಗಿದುಕೊಂಡು ಪೆಟ್ಟಿಗೆಯಾಗಿ ನಿಲ್ಲುತ್ತವೆ. ಅದರ ಒಂದು ಗೋಡೆ ಮೆತ್ತಗಾದರೆ ಬಾನೆಟ್ಟಿನ ಅಂಚು, ಬಾಗಿಲಿನ ಅಂಚು ಎಲ್ಲದರ ಸಂದೂ ಕೆಡುತ್ತದೆ. ಬಾನೆಟ್ ಮುಚ್ಚಿ ನೋಡಿದರೆ ಎಡಗಡೆಯ ಸಂದು ಮುಂದಕ್ಕೆ ಹೋಗುತ್ತಾ ಅಗಲವಾಗಿತ್ತು.

ಹಾರನ್ ಕೂಗಲಿಲ್ಲ

ಆದರೂ ಅಳಿಯನಿಗೆ ಸಮಾಧಾನವಿಲ್ಲ. ಬ್ಯಾಟರಿಗೆ ಕೆಳಗಿನಿಂದ ಒಂದು ಕಬ್ಬಿಣದ ಆಧಾರ ಕೊಟ್ಟರೆ ಸಾಕಲ್ಲ ಎಂದ. ಆಗಬಹುದು ಎಂದು ತಾತ್ಕಾಲಿಕವಾಗಿ ಆಧಾರ ಕೊಟ್ಟು ಕಾರು ಸ್ಟಾರ್ಟ್ ಮಾಡಿದೆವು. ಎಂಜಿನ್ ಎದ್ದಿತು. ಹಾರನ್ ಒತ್ತಿದರೆ ಸದ್ದಿಲ್ಲ. ಎಡ ಹೆಡ್‌ಲೈಟು ಮಂಕು. ಎಲೆಕ್ಟ್ರಿಷಿಯನ್ ಫ್ಯೂಸ್ ನೋಡಿದ, ರಿಲೇ ನೋಡಿದ, ಬಲ್ಬ್ ಬದಲಿಸಿದ. ಕೊನೆಗೆ ಒಂದು ತಂತಿಯ ತುದಿಯನ್ನು ಹಾರನ್ನಿನ ಬ್ರ್ಯಾಕೆಟ್ಟಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಮುಟ್ಟಿಸಿದ. ಹಾರನ್ ಇಡೀ ಗಲ್ಲಿಗೆ ಕೇಳುವ ಹಾಗೆ ಕೂಗಿತು.

ಪ್ರಕರಣ ತಿರುಗಿದ್ದು ಇಲ್ಲಿ. ಹಳೇ ಕಾರುಗಳಲ್ಲಿ ಕರೆಂಟು ಬ್ಯಾಟರಿಗೆ ಮರಳುವ ದಾರಿ, ಅಂದರೆ ಅರ್ತಿಂಗ್, ತಂತಿಯಲ್ಲ, ತಗಡು. ಈ ಕಾರಿನಲ್ಲಿ ಹಾರನ್, ಎಡದೀಪ, ರಿಲೇ ಮೂರಕ್ಕೂ ಅರ್ತಿಂಗ್ ಸಿಗುತ್ತಿದ್ದುದು ಎಡ ಒಳ ಫೆಂಡರಿನ ಮೂಲಕ. ಅದನ್ನು ತೆಗೆದು ಪ್ಲಾಸ್ಟಿಕ್ ಹಾಕಿದರೆ ದಾರಿಯೇ ಕಡಿದ ಹಾಗೆ. ಅರೆಬರೆ ಅರ್ತಿಂಗ್ ಇನ್ನೂ ಅಪಾಯ: ಕರೆಂಟು ಸಿಕ್ಕ ಸಣ್ಣ ಸಂದಿನಲ್ಲೆಲ್ಲ ದಾರಿ ಹುಡುಕುತ್ತದೆ, ಆ ಜಾಗ ಬಿಸಿಯಾಗುತ್ತದೆ. ಪ್ರತ್ಯೇಕ ತಂತಿ ಎಳೆದು ಇದನ್ನು ಸರಿಪಡಿಸಬಹುದು, ಕಷ್ಟವೇನಲ್ಲ. ಆದರೆ ಹಾರನ್ ಕೂಗಿದ ಮೇಲೆ ಅಳಿಯ ಕೇಳಿದ ಪ್ರಶ್ನೆಯೇ ಬದಲಾಗಿತ್ತು. "ಹಾಗಾದರೆ ಈ ತಗಡಿನ ಮೇಲೆ ಇನ್ನೂ ಏನೇನು ನೇತಾಡ್ತಿದೆ ಅಂಕಲ್?"

ನೋಟ್‌ಬುಕ್ ತೆಗೆದೆ. ಎಡಕ್ಕೆ: ಬ್ಯಾಟರಿ, ಹಾರನ್, ರಿಲೇ, ಅರ್ತಿಂಗ್, ಮ್ಯಾನಿಫೋಲ್ಡಿನ ಕಾವು, ಗಟಾರದ ನೀರು. ಬಲಕ್ಕೆ: ಒಂದು ನೀರಿನ ಬಾಟಲಿ. ಎಬಿಎಸ್ ಪ್ಲಾಸ್ಟಿಕ್ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಓಡುವ ಕಾರಿಗೆ ಗಾಳಿ ತಾಗುತ್ತದೆ. ಮೇ ತಿಂಗಳಲ್ಲಿ ಸಾಯನ್ ಸರ್ಕಲ್ಲಿನ ಜಾಮಿನಲ್ಲಿ ನಿಂತ ಕಾರಿಗೆ ಎಲ್ಲಿಯ ಗಾಳಿ? ಮ್ಯಾನಿಫೋಲ್ಡಿಗೂ ಪ್ಲಾಸ್ಟಿಕ್ಕಿಗೂ ನಡುವೆ ಅಲ್ಯೂಮಿನಿಯಂ ತಡೆ ಹಾಕಬಹುದು. ಅದೂ ಸರಿಯೇ. ಆದರೆ ಬ್ಯಾಟರಿಗೆ ಒಂದು ಆಧಾರ, ಅರ್ತಿಂಗಿಗೆ ಮೂರು ತಂತಿ, ಕಾವಿಗೆ ಒಂದು ತಡೆ, ಫೆಂಡರು ಅಲುಗದ ಹಾಗೆ ಒಂದು ಪಟ್ಟಿ ಎಂದು ಸೇರಿಸುತ್ತಾ ಹೋದರೆ ಕೊನೆಗೆ ಅಲ್ಲಿ ಇರುವುದು ಪ್ಲಾಸ್ಟಿಕ್ಕಿಗಿಂತ ಕಬ್ಬಿಣವೇ ಹೆಚ್ಚು.

ಎರಡೂ ಬದಿಗೆ ಒಂದೇ ಇರಬೇಕು ಎಂದು ಯಾರು ಹೇಳಿದರು ಎಂದು ಕೇಳಿದೆ. ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡಕ್ಕೂ ಕರಿ ಬಣ್ಣ ಹೊಡೆದರೆ ಯಾರಿಗೆ ಗೊತ್ತಾಗ್ತದೆ?" ಎಂದರು. ತೀರ್ಮಾನ ಅಷ್ಟರಲ್ಲೇ ಮುಗಿಯಿತು.

ಉಸ್ತಾದರ ಕೈ

ಎಡಗಡೆಗೆ ತಗಡು ಬಡಿಯಲು ಕುರ್ಲಾದ ಒಬ್ಬ ಹಿರಿಯ ಡೆಂಟರ್ ಸಿಕ್ಕರು. ಜೀವಮಾನವೆಲ್ಲ ಪದ್ಮಿನಿ ಟ್ಯಾಕ್ಸಿಗಳ ಕೆಲಸ ಮಾಡಿದವರು. 2023ರ ಅಕ್ಟೋಬರ್ ಕೊನೆಗೆ ಕಾಲಿ-ಪೀಲಿ, ಅಂದರೆ ಕಪ್ಪು-ಹಳದಿ ಬಣ್ಣದ, ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟ ಮೇಲೆ ಇಂಥವರ ಕೈಗೆ ಕೆಲಸವೇ ಕಡಿಮೆ. ಈಗಿನ ಗ್ಯಾರೇಜಿನವರು ಬಿಡಿಭಾಗ ಬದಲಿಸುತ್ತಾರೆ, ಬಡಿದು ಮಾಡುವವರಿಲ್ಲ. ಹಳೇ ಕಾರು ಇರುವವರು ಇಂಥವರೊಬ್ಬರನ್ನು ಈಗಲೇ ಹುಡುಕಿಟ್ಟುಕೊಳ್ಳಬೇಕು.

ಅವರು ಮೊದಲು ಕೇಳಿದ್ದು ಕೊಳೆತ ಹಳೇ ತುಂಡನ್ನು. ಅದೃಷ್ಟಕ್ಕೆ ಗುಜರಿಗೆ ಹೋಗಿರಲಿಲ್ಲ. ಅದರ ಮೇಲೆ ರಟ್ಟು ಇಟ್ಟು ಅಚ್ಚು ತೆಗೆದರು, ಕೊಳೆತು ಹೋದ ಕಡೆ ಬಲಗಡೆಯದನ್ನು ಮಗುಚಿ ಅಳತೆ ಹಿಡಿದರು. ಜಿಐ ತಗಡು ಹಾಕೋಣ, ಸತುವಿನ ಲೇಪ ಇರುತ್ತದೆ ಎಂಬುದು ಅವರ ಸಲಹೆ. ನಾನು ಬೇಡವೆಂದೆ. ವೆಲ್ಡಿಂಗ್ ಮಾಡಿದಲ್ಲಿ ಸತು ಉರಿದು ಹೋಗುತ್ತದೆ, ತುಕ್ಕು ಶುರುವಾಗುವುದೂ ಅಲ್ಲೇ. ಮೇಲಾಗಿ ಆ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ. 18 ಗೇಜಿನ, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ಸಿಆರ್‌ಸಿ, ಅಂದರೆ ಸತುವಿನ ಲೇಪವಿಲ್ಲದ ಸಾದಾ ಉಕ್ಕಿನ, ತಗಡು ತಂದೆವು. ಮರದ ದಿಮ್ಮಿ, ಮರಳು ಚೀಲ, ಸುತ್ತಿಗೆ ಇಷ್ಟರಲ್ಲೇ ಕಮಾನು ಎಬ್ಬಿಸಿದರು. ಚಪ್ಪಟೆ ಭಾಗದಲ್ಲಿ ಹಳೇ ತುಂಡಿನಲ್ಲಿದ್ದ ಉಬ್ಬುಗೆರೆಗಳನ್ನೂ ಬಿಡಲಿಲ್ಲ. ಅವು ಅಲಂಕಾರವಲ್ಲ, ತಗಡು ನಡುಗದ ಹಾಗೆ ಬಿಗಿ ಕೊಡುವುದು ಅವೇ.

ಬೋಲ್ಟಿನ ತೂತುಗಳನ್ನು ಕೊನೆಗೆ, ಕಾರಿನ ಮೇಲಿಟ್ಟೇ ಕೊರೆದರು. ಮೇಜಿನ ಮೇಲೆ ಕೊರೆದಿದ್ದರೆ ಅರವತ್ತು ವರ್ಷ ಗುದ್ದು ತಿಂದ ಬಾಡಿಗೆ ಹೊಂದುತ್ತಿರಲಿಲ್ಲ. ಎರಡೂ ಮುಖಕ್ಕೆ ಎಪಾಕ್ಸಿ ಪ್ರೈಮರ್, ಜೋಡಣೆಗಳಿಗೆ ಸೀಲರ್, ಚಕ್ರದ ಬದಿಗೆ ರಬ್ಬರ್ ಕೋಟಿಂಗ್, ಎಂಜಿನ್ ಬದಿಗೆ ಅರೆಹೊಳಪಿನ ಕರಿ ಬಣ್ಣ. ಅರ್ತಿಂಗ್ ಬೋಲ್ಟ್ ಕೂರುವ ಜಾಗದಲ್ಲಿ ಮಾತ್ರ ಬಣ್ಣ ಕೆರೆದು ತಗಡು ಬಿಟ್ಟು, ಬಿಗಿದ ಮೇಲೆ ಗ್ರೀಸ್ ಸವರಿದೆವು. ಬ್ಯಾಟರಿಯ ಕೆಳಗೆ ಆಸಿಡ್ ಹಿಡಿಯಲು ಒಂದು ಪ್ಲಾಸ್ಟಿಕ್ ತಟ್ಟೆ. ಅಳಿಯನಿಗೆ ಅದರಿಂದ ಸ್ವಲ್ಪ ಸಮಾಧಾನ.

ಬಲಕ್ಕೆ ಪ್ಲಾಸ್ಟಿಕ್ಕೇ ಉಳಿಯಿತು. ಫೆಂಡರಿನ ಮೇಲಂಚಿನಿಂದ ರೇಡಿಯೇಟರ್ ಚೌಕಟ್ಟಿಗೆ ಒಂದು ಕಬ್ಬಿಣದ ಪಟ್ಟಿ ಬಿಗಿದು ಅಲುಗಾಟ ನಿಲ್ಲಿಸಿದೆವು, ಬಲದೀಪಕ್ಕೆ ಬೇರೆ ಅರ್ತಿಂಗ್ ತಂತಿ ಎಳೆದೆವು. ಬೋಲ್ಟಿನ ಕೆಳಗೆಲ್ಲ ಅಗಲ ವಾಷರ್, ಇಲ್ಲದಿದ್ದರೆ ಪ್ಲಾಸ್ಟಿಕ್ ಸೀಳುತ್ತದೆ. ಬಿಸಿಲಿಗೆ ಹಿಗ್ಗಲು ಜಾಗ ಬೇಕೆಂದು ತೂತುಗಳನ್ನು ಸ್ವಲ್ಪ ಉದ್ದಕ್ಕೆ ಮಾಡಿದೆವು.

ಒಂದು ಮಳೆಗಾಲ ಕಳೆದ ಮೇಲೆ

ಜೂನಿನಿಂದ ಸೆಪ್ಟೆಂಬರ್ ತನಕ ರಾಯರು ಕಾರನ್ನು ಮುಚ್ಚಿಡಲಿಲ್ಲ. ಮಳೆ ಬಿಟ್ಟ ಭಾನುವಾರಗಳಲ್ಲಿ ಓಡಿಸಿದರು. ದಸರೆಯ ಹೊತ್ತಿಗೆ ಚಕ್ರ ಕಳಚಿ ಎರಡೂ ಬದಿ ನೋಡಿದೆವು.

ಎಡಗಡೆಯ ತಗಡು ಚೆನ್ನಾಗಿತ್ತು. ಒಂದೇ ಕಡೆ, ಕಲ್ಲು ಬಡಿದು ರಬ್ಬರ್ ಕೋಟಿಂಗ್ ಎದ್ದಲ್ಲಿ, ನಾಣ್ಯದಷ್ಟಗಲ ಕೆಂಪಾಗಿತ್ತು. ಉಜ್ಜಿ ಪ್ರೈಮರ್ ಹಚ್ಚಿದರೆ ಮುಗಿಯಿತು.

ಬಲಗಡೆಯ ಪ್ಲಾಸ್ಟಿಕ್ ಹೊಸದರ ಹಾಗೇ ಇತ್ತು. ಆದರೆ ಅದನ್ನು ಬಿಚ್ಚಿದಾಗ ಹಿಂದಿನ ಮೂಲೆಯಲ್ಲಿ, ಪ್ಲಾಸ್ಟಿಕ್ಕಿಗೂ ಹೊರ ಫೆಂಡರಿಗೂ ನಡುವೆ, ಒದ್ದೆ ಕೆಸರು ಗಟ್ಟಿಯಾಗಿ ಕೂತಿತ್ತು. ಮಳೆ ನಿಂತು ಎಷ್ಟೋ ದಿನವಾಗಿದ್ದರೂ ಬೆರಳಿಗೆ ತಣ್ಣಗೆ ತಾಗಿತು. ಅದರ ಹಿಂದೆ ಫೆಂಡರಿನ ಅಸಲಿ ತಗಡಿನಲ್ಲಿ ತುಕ್ಕು ಕಣ್ಣು ಬಿಡುತ್ತಿತ್ತು. ಪ್ಲಾಸ್ಟಿಕ್ ತನಗೆ ತುಕ್ಕು ಹಿಡಿಸಿಕೊಳ್ಳುವುದಿಲ್ಲ, ಪಕ್ಕದವನಿಗೆ ಹಿಡಿಸುತ್ತದೆ. ಒಳ ಫೆಂಡರು ಹೋದರೆ ಇನ್ನೊಂದು ಮಾಡಿಸಬಹುದು, ಹೊರ ಫೆಂಡರು ಹೋದರೆ ಈ ದೇಶದಲ್ಲಿ ಸಿಗುವುದಿಲ್ಲ. ಆ ಅಂಚಿನ ರಬ್ಬರ್ ಬೀಡಿಂಗನ್ನು ಕೆಳಭಾಗದಲ್ಲಿ ತೆಗೆದು ನೀರು ಇಳಿಯಲು ದಾರಿ ಬಿಟ್ಟೆವು, ಮೂಲೆಯಲ್ಲಿ ಎರಡು ತೂತು ಕೊರೆದೆವು, ಫೆಂಡರಿನ ಒಳಮುಖಕ್ಕೆ ಮೇಣ ಸಿಂಪಡಿಸಿದೆವು. ಪ್ರತಿ ಮಳೆಗಾಲದ ಕೊನೆಗೆ ಬಲಗಡೆಯದನ್ನು ಬಿಚ್ಚಿ ಪೈಪಿನಲ್ಲಿ ತೊಳೆಯುವುದು ಈಗ ಅಳಿಯನ ಪಾಲಿನ ಕೆಲಸ. ತುಕ್ಕಿನ ಗೋಳೇ ಇಲ್ಲ ಎಂದವನು ಅವನೇ ತಾನೇ ಎಂದು ರಾಯರು ಚುಚ್ಚುತ್ತಿರುತ್ತಾರೆ.

ಇಂಥದ್ದೇ ಕೆಲಸ ಹಿಡಿಯುವವರು ತಗಡೋ ಪ್ಲಾಸ್ಟಿಕ್ಕೋ ಎಂದು ಕೇಳುವ ಮೊದಲು ಬಾನೆಟ್ ಎತ್ತಿ, ಒಂದೊಂದು ಬದಿಗೂ ಬೇರೆಬೇರೆ ಹಾಳೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಏನು ಕೂತಿದೆ, ಯಾವ ತಂತಿಯ ಅರ್ತಿಂಗ್ ಎಲ್ಲಿ ಮುಗಿಯುತ್ತದೆ, ಎಕ್ಸಾಸ್ಟ್ ಎಷ್ಟು ದೂರ, ನೀರು ಎಲ್ಲಿಂದ ಇಳಿಯುತ್ತದೆ. ಹಳೇ ತುಂಡು ಎಷ್ಟೇ ಕೊಳೆತಿರಲಿ, ಕೆಲಸ ಮುಗಿಯುವ ತನಕ ಗುಜರಿಗೆ ಹಾಕಬೇಡಿ. ರಾಯರ ಕಾರಿನದು ಇನ್ನೂ ಅವರ ಕಟ್ಟಡದ ಮಹಡಿ ಮೆಟ್ಟಿಲ ಕೆಳಗಿದೆ, ಡಾಲ್ಡಾ ತೇಪೆಯ ಸಮೇತ.

ಎಡಗಡೆಯ ಪ್ಲಾಸ್ಟಿಕ್ ತುಂಡು ಬಳಕೆಯಾಗದೆ ಉಳಿಯಿತಲ್ಲ, ಅದನ್ನು ಪುಣೆಯ ಒಬ್ಬರು ಕೇಳಿದ್ದಾರೆ. ಅದೇ ಮಾಡೆಲ್, ಆದರೆ ಎಂಜಿನ್ ವಿ-8, ಅಂದರೆ ಎರಡು ಸಾಲಿನಲ್ಲಿ ಎಂಟು ಸಿಲಿಂಡರ್. ಬ್ಯಾಟರಿ ಯಾವ ಬದಿಗಿದೆ ಎಂದು ಕೇಳಿದೆ, ಬಲಕ್ಕೆ ಎಂದರು. ವಿ-8ಕ್ಕೆ ಎಕ್ಸಾಸ್ಟ್ ಎರಡೂ ಕಡೆ ಇರುತ್ತದೆ, ಹಾಗಾಗಿ ಎಡಗಡೆಯ ಮ್ಯಾನಿಫೋಲ್ಡಿನ ಫೋಟೊವನ್ನು ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆದು ಕಳಿಸಲು ಹೇಳಿದ್ದೇನೆ. ಇನ್ನೂ ಬಂದಿಲ್ಲ.